ಪಂಚಾಂಗ ಎಷ್ಟು ಎತ್ತರ? ಕೋಡಿಬೆಂಗ್ರೆ ಕಡೆಯ ಒಂದು ಮನೆ ಮತ್ತು ಕಡಲೇರಿಕೆಯ ಲೆಕ್ಕ

ಈ ಪ್ರಕರಣದ ಪ್ರಶ್ನೆ ಚಿಕ್ಕದು. ಹೊಸ ಮನೆಯ ಪಂಚಾಂಗ, ಅಂದರೆ ಅಂಗಳದಿಂದ ಮನೆಯೊಳಗಿನ ನೆಲದ ತನಕ ಕಟ್ಟುವ ಅಡಿಪಾಯದ ಕಟ್ಟೆ, ಎಷ್ಟು ಎತ್ತರ ಇರಬೇಕು?

ಮನೆ ಇರುವುದು ಉಡುಪಿ ಹತ್ತಿರ, ಹೂಡೆಯಿಂದ ಕೋಡಿಬೆಂಗ್ರೆಗೆ ಹೋಗುವ ರಸ್ತೆಯ ಬದಿಯಲ್ಲಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸುವರ್ಣಾ ನದಿ, ನಡುವೆ ಮರಳಿನ ಸಪೂರ ಪಟ್ಟಿ. ಸ್ವಲ್ಪ ಉತ್ತರಕ್ಕೆ ಹೋದರೆ ಸೀತಾ ನದಿಯೂ ಸೇರಿ ಅಳಿವೆಯಲ್ಲಿ ಕಡಲು ಸೇರುತ್ತದೆ. ಮನೆಯ ಅಕ್ಕ ಮೀನು ಒಣಗಿಸಿ ಮಾರಿ ಮಕ್ಕಳನ್ನು ಓದಿಸಿದವರು. ಹಂಚಿನ ಹಳೇ ಮನೆ ಬಿಚ್ಚಿ ಅದೇ ಜಾಗದಲ್ಲಿ ಹೊಸದು ಕಟ್ಟಬೇಕು ಎಂಬುದು ಅವರ ಆಸೆ. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನಿಗೆ ಆ ಜಾಗದಲ್ಲಿ ಒಂದು ಕಲ್ಲು ಇಡುವುದಕ್ಕೂ ಮನಸ್ಸಿಲ್ಲ. ನಾನು ಈ ಭಾಗದಲ್ಲಿ ಮನೆಗಳ ನಕ್ಷೆ ಮಾಡಿಕೊಡುವವನು, ಹಾಗಾಗಿ ಇಬ್ಬರ ಜಗಳವೂ ನನ್ನ ಮೇಜಿಗೆ ಬಂತು. ಕಡಲತೀರದಲ್ಲಿ ಕಟ್ಟಲು ಬೇಕಾದ ಸಿಆರ್‌ಝಡ್ ಅನುಮತಿಯ ಓಡಾಟ ಬೇರೆಯೇ ಕಥೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಮಗನ ಫೋನಿನಲ್ಲಿ ಒಂದು ನಕ್ಷೆ ಇತ್ತು. ಕಡಲು ಏರಿದರೆ ಯಾವ ಜಾಗ ಮುಳುಗುತ್ತದೆ ಎಂದು ಕೆಂಪು ಬಣ್ಣದಲ್ಲಿ ತೋರಿಸುವಂಥದ್ದು. ಅದರಲ್ಲಿ ಹೂಡೆ, ಕೋಡಿಬೆಂಗ್ರೆ, ಆಚೆ ದಡದ ಕುದ್ರುಗಳು (ನದಿ ನಡುವಿನ ದ್ವೀಪಗಳು) ಎಲ್ಲವೂ ಕೆಂಪು. "ಇನ್ನು ಇಪ್ಪತ್ತೈದು ವರ್ಷ ಅಷ್ಟೇ, ಆಮೇಲೆ ಇಲ್ಲಿ ಮನೆಯೇ ಇರುವುದಿಲ್ಲ" ಎಂದ. ಅಕ್ಕ ನನ್ನ ಕಡೆ ತಿರುಗಿ, "ಎಂತ ಹೇಳುದು ಮಾರಾಯ್ರೆ ಇವನಿಗೆ? ಎರಡು ಮೆಟ್ಟಿಲು ಜಾಸ್ತಿ ಹಾಕಿದ್ರೆ ಸಾಕಾಗುದಿಲ್ವಾ?" ಎಂದು ಕೇಳಿದರು.

ಹಳೇ ಮನೆಗೆ ಮೂರು ಮೆಟ್ಟಿಲು. ಒಂದಕ್ಕೆ 15 ಸೆಂಟಿಮೀಟರ್ ಹಿಡಿದರೆ ಪಂಚಾಂಗ 45 ಸೆಂಟಿಮೀಟರ್. ಎರಡು ಜಾಸ್ತಿ ಹಾಕಿದರೆ 75. ಸಾಕೋ ಇಲ್ಲವೋ ಎನ್ನಲು ಎರಡು ವಿಷಯ ಗೊತ್ತಿರಬೇಕು: ಕಡಲು ಎಷ್ಟು ಏರುತ್ತದೆ, ಈ ಅಂಗಳ ಈಗ ನೀರಿಗಿಂತ ಎಷ್ಟು ಮೇಲಿದೆ. ಮೊದಲನೆಯದಕ್ಕೆ ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಸಾಫ್ಟ್‌ವೇರ್ ಬರೆದಿಟ್ಟಿದ್ದಾರೆ. ಎರಡನೆಯದನ್ನು ಯಾರೂ ಅಳೆದಿಟ್ಟಿಲ್ಲ. ಈ ಕರಾವಳಿಯಲ್ಲಿ ಮನೆ ಕಟ್ಟುವವರೆಲ್ಲರೂ ಗಮನಿಸಬೇಕಾದ್ದು ಈ ಎರಡನೆಯದನ್ನೇ ಎಂದು ನನಗೆ ಬಲವಾಗಿ ಅನಿಸುತ್ತದೆ.

ಅಂಕಿ ಎಲ್ಲಿಂದ ಬರುತ್ತದೆ

2021ರ ಆಗಸ್ಟ್ 9ರಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಮೊದಲ ಭಾಗ ಬಂತು. ಅದರ ಜೊತೆಗೇ ನಾಸಾ ಒಂದು ಜಾಲ ಉಪಕರಣ ಬಿಟ್ಟಿತು. ಯಾವುದಾದರೂ ಬಂದರಿನ ಮೇಲೆ ಒತ್ತಿದರೆ ಅಲ್ಲಿ ಮುಂದಿನ ದಶಕಗಳಲ್ಲಿ ಕಡಲು ಎಷ್ಟು ಏರಬಹುದು ಎಂದು ತೋರಿಸುತ್ತದೆ. ಆಗ ಸುದ್ದಿಗಳಲ್ಲಿ ಭಾರತದ 12 ಊರುಗಳ ಪಟ್ಟಿ ಬಂದಿತ್ತು, ನೆನಪಿರಬಹುದು. ಶತಮಾನದ ಕೊನೆಗೆ ಮಂಗಳೂರಿಗೆ 1.87 ಅಡಿ ಎಂದಿತ್ತು. ಅಂದರೆ ಸುಮಾರು 57 ಸೆಂಟಿಮೀಟರ್. ಆದರೆ ತಲೆಬರಹಗಳಲ್ಲಿ ಅದು "ಮೂರು ಅಡಿ ನೀರಿನಡಿ ಹನ್ನೆರಡು ನಗರಗಳು" ಎಂದಾಯಿತು. ಕಡಲಿನ ಸರಾಸರಿ ಮಟ್ಟ ಎರಡಡಿ ಏರುವುದು ಬೇರೆ, ಊರಿನ ಮೇಲೆ ಎರಡಡಿ ನೀರು ನಿಲ್ಲುವುದು ಬೇರೆ. ಮಂಗಳೂರಿನ ನಡುಪೇಟೆಯಾದ ಹಂಪನಕಟ್ಟೆಗೆ ಆ ಅಂಕಿಯಿಂದ ಏನೂ ಆಗುವುದಿಲ್ಲ. ಕಡಲಿಗೂ ನದಿಗೂ ನಡುವಿನ ಮರಳುಪಟ್ಟಿಯಾದ ತೋಟಬೆಂಗ್ರೆಗೆ ಆಗುತ್ತದೆ. ಈ ವ್ಯತ್ಯಾಸ ಹೇಳದೆ ಬಿಟ್ಟದ್ದರಿಂದ ಅರ್ಧ ಜನ ಹೆದರಿದರು, ಉಳಿದರ್ಧ ನಂಬಲೇ ಇಲ್ಲ.

ಆ ಅಂಕಿಗಳ ಹಿಂದೆ ಇರುವ ಸಾಫ್ಟ್‌ವೇರಿನ ಹೆಸರು ಫ್ಯಾಕ್ಟ್ಸ್. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಕಾಪ್ ಮತ್ತು ಸಂಗಡಿಗರು ಬೆಳೆಸಿದ್ದು. ಯಾರು ಬೇಕಾದರೂ ಇಳಿಸಿಕೊಂಡು ಓಡಿಸಬಹುದು, ದುಡ್ಡಿಲ್ಲ. ಮಗನಿಗೆ ಇದು ಗೊತ್ತಾದ ಮೇಲೆ ನಕ್ಷೆಯ ಜಗಳ ಸ್ವಲ್ಪ ತಣ್ಣಗಾಯಿತು. ತನ್ನ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಲು ಬೇಕಾದ ಲಿನಕ್ಸ್ ಮತ್ತು ಡಾಕರ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಕೂತ. ಒಂದು ಚಿಕ್ಕ ಫೈಲಿನಲ್ಲಿ ಜಾಗದ ಹೆಸರು, ಒಂದು ನಂಬರು, ಅಕ್ಷಾಂಶ, ರೇಖಾಂಶ ಬರೆದು ಕೊಡಬೇಕು, ಅಷ್ಟೇ. ಕಷ್ಟ ಇರುವುದು ಅದರ ಮುಂಚೆ: ಒಂದೊಂದು ಭಾಗಕ್ಕೂ ಬೇಕಾದ ದತ್ತಾಂಶ ಇಳಿಸಿಕೊಳ್ಳಲು ಜಾಗವೂ ಬೇಕು, ತಾಳ್ಮೆಯೂ ಬೇಕು.

ಮನೆ ಕಟ್ಟುವವರಿಗೆ ಇದನ್ನು ಓಡಿಸಲೇಬೇಕು ಎಂದೇನಿಲ್ಲ. ನಾಸಾ ಉಪಕರಣದಲ್ಲಿ ಒತ್ತಿದರೆ ಅದೇ ಉತ್ತರ ಸಿಗುತ್ತದೆ. ಆದರೂ ಓಡಿಸಿ ನೋಡಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಒಟ್ಟು ಅಂಕಿ ಏನೇನು ಸೇರಿ ಆಗಿದೆ ಎಂದು ಬಿಡಿಬಿಡಿಯಾಗಿ ಕಂಡಿತು. ಕಡಲು ಬಿಸಿಯಾಗಿ ಹಿಗ್ಗುವುದು ಮತ್ತು ಪ್ರವಾಹಗಳು ಬದಲಾಗುವುದು ಒಂದು ಭಾಗ. ಪರ್ವತಗಳ ಹಿಮನದಿಗಳು ಇನ್ನೊಂದು. ಗ್ರೀನ್‌ಲ್ಯಾಂಡ್ ಬೇರೆ, ಅಂಟಾರ್ಕ್ಟಿಕಾ ಬೇರೆ. ಅಣೆಕಟ್ಟುಗಳಲ್ಲಿ ನಿಲ್ಲಿಸಿದ ನೀರು, ಬೋರ್‌ವೆಲ್ಲಿನಿಂದ ಎತ್ತಿದ ನೀರು ಇವುಗಳ ಲೆಕ್ಕ ಮತ್ತೊಂದು. ಕೊನೆಗೆ ನೆಲವೇ ಏಳುವುದು ಅಥವಾ ಕುಸಿಯುವುದು. ಪ್ರತಿ ಭಾಗಕ್ಕೂ ಸಾವಿರಾರು ಸಲ ಲೆಕ್ಕ ಹಾಕಿ, ಕೂಡಿಸಿ, ಸಾಧ್ಯತೆಯ ಒಂದು ಹರವು ಕೊಡುತ್ತದೆ. ಒಂದೇ ಅಂಕಿ ಯಾವತ್ತೂ ಕೊಡುವುದಿಲ್ಲ.

ಕಡಲು ಎಲ್ಲ ಕಡೆ ಸಮನಾಗಿ ಏರುವುದಿಲ್ಲ, ಬಕೆಟ್ಟಿಗೆ ನೀರು ಬಿಟ್ಟ ಹಾಗಲ್ಲ ಅದು. ಗ್ರೀನ್‌ಲ್ಯಾಂಡಿನಂಥ ದೊಡ್ಡ ಹಿಮದ ರಾಶಿಗೆ ತನ್ನದೇ ಸೆಳೆತ ಇದೆ, ಸುತ್ತಲಿನ ನೀರನ್ನು ತನ್ನ ಕಡೆ ಎಳೆದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ಹತ್ತಿರದ ಕಡಲು ಇಳಿದು, ದೂರದ ಕಡಲು ಸರಾಸರಿಗಿಂತ ಜಾಸ್ತಿ ಏರುತ್ತದೆ. ನಾವು ಎರಡೂ ಧ್ರುವಗಳಿಂದ ದೂರ. ಅಲ್ಲಿ ಕರಗಿದ್ದರ ಪಾಲು ನಮಗೆ ಸ್ವಲ್ಪ ಹೆಚ್ಚೇ ಬರುತ್ತದೆ. ಮೀನಿನ ಬುಟ್ಟಿ ಹೊತ್ತು ಬದುಕಿದ ಒಬ್ಬ ಹೆಂಗಸಿನ ಅಂಗಳಕ್ಕೆ ಗ್ರೀನ್‌ಲ್ಯಾಂಡಿನ ನೀರು ಬರುವುದು ನ್ಯಾಯವಾ? ಲೆಕ್ಕ ಹಾಕುವಾಗ ಇದು ನನ್ನನ್ನು ತುಂಬಾ ಕಾಡಿದೆ.

ಈಗ ಅಂಕಿಗಳು. ಐಪಿಸಿಸಿ ಎಲ್ಲವನ್ನೂ 1995ರಿಂದ 2014ರ ಸರಾಸರಿ ಮಟ್ಟಕ್ಕೆ ಹೋಲಿಸಿ ಹೇಳುತ್ತದೆ. ಹೊಗೆ ಹೊರಸೂಸುವಿಕೆ ಮಧ್ಯಮ ದಾರಿಯಲ್ಲಿ ಹೋದರೆ 2050ಕ್ಕೆ ಜಗತ್ತಿನ ಸರಾಸರಿ ಏರಿಕೆ 20 ಸೆಂಟಿಮೀಟರ್, 2100ಕ್ಕೆ 56. ಹರವು 44ರಿಂದ 76. ಹೊಗೆ ತೀರಾ ಹೆಚ್ಚಾದರೆ 2100ಕ್ಕೆ 77, ಹರವು 63ರಿಂದ 101. ಆದರೆ 2050ಕ್ಕೆ? ಆ ಕೆಟ್ಟ ದಾರಿಯಲ್ಲೂ 23 ಸೆಂಟಿಮೀಟರ್ ಮಾತ್ರ. ಒಳ್ಳೆಯ ದಾರಿಯಲ್ಲಿ 19. ಅಂದರೆ ಇನ್ನು ಇಪ್ಪತ್ತೈದು ವರ್ಷಕ್ಕೆ ಯಾವ ದಾರಿ ಹಿಡಿದರೂ ಉತ್ತರ ಹೆಚ್ಚುಕಡಿಮೆ ಒಂದೇ. ಅನಿಶ್ಚಯ ಇರುವುದೆಲ್ಲ ಆಮೇಲೆ.

ಆ ಅನಿಶ್ಚಯದ ದೊಡ್ಡ ಪಾಲು ಅಂಟಾರ್ಕ್ಟಿಕಾದ್ದು. ಫ್ಯಾಕ್ಟ್ಸ್‌ನಲ್ಲಿ ಅದಕ್ಕೆ ಬೇರೆ ಬೇರೆ ಮಾಡ್ಯೂಲುಗಳು, ಅಂದರೆ ಲೆಕ್ಕ ಹಾಕುವ ಬೇರೆ ಬೇರೆ ಬಿಡಿಭಾಗಗಳು, ಇವೆ. ಒಂದು ಹಲವು ಹಿಮ ಮಾದರಿಗಳ ಸರಾಸರಿ ನಡೆ ಹಿಡಿಯುತ್ತದೆ, ಇನ್ನೊಂದು ತಜ್ಞರ ಅಂದಾಜನ್ನು ಕೇಳಿ ಮಾಡಿದ್ದು, ಮತ್ತೊಂದು ಹಿಮದ ಗೋಡೆಗಳು ಕಡಲಂಚಿನಲ್ಲಿ ಕುಸಿದು ಬೀಳುವುದನ್ನೂ ಸೇರಿಸುತ್ತದೆ. ಮಾಡ್ಯೂಲು ಬದಲಿಸಿದರೆ 2050ರ ಸಾಲು ಅಷ್ಟೇನೂ ಅಲುಗುವುದಿಲ್ಲ, 2100ರ ಮೇಲ್ತುದಿ ಹಾರುತ್ತದೆ. ಹೊಗೆ ತೀರಾ ಹೆಚ್ಚಾದರೆ ಎರಡು ಮೀಟರಿನ ಹತ್ತಿರದ ಏರಿಕೆಯನ್ನೂ ತಳ್ಳಿಹಾಕಲಾಗದು ಎಂದು ಐಪಿಸಿಸಿಯೇ ಹೇಳಿದೆ. ಮಗ ಹಿಡಿದುಕೊಂಡದ್ದು ಈ ಮೇಲ್ತುದಿಯನ್ನು. ಅದು ಸುಳ್ಳಲ್ಲ. ಆದರೆ ಅದು ಶತಮಾನದ ಕೊನೆಯದ್ದು. ಅವನು ಹೇಳಿದ ಇಪ್ಪತ್ತೈದು ವರ್ಷಕ್ಕೆ ಅದನ್ನು ಅಂಟಿಸಲು ಆಗುವುದಿಲ್ಲ.

ಒಂದೇ ಮನೆ, ಎರಡು ನಕ್ಷೆ

ಅಂಕಿಯನ್ನು ನೆಲಕ್ಕೆ ಇಳಿಸುವಾಗ ನಿಜವಾದ ತೊಂದರೆ ಶುರುವಾಯಿತು.

ಮಗ ತಾನೇ ಒಂದು ನಕ್ಷೆ ಮಾಡಲು ಹೊರಟ. ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ಎಸ್‌ಆರ್‌ಟಿಎಂ ಎಂಬ ನೆಲದ ಎತ್ತರದ ದತ್ತಾಂಶ ಹಾಕಿದ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರಾಡಾರ್ ಇಟ್ಟುಕೊಂಡು ಭೂಮಿಯನ್ನು ಸುತ್ತಿ ಅಳೆದದ್ದು ಅದು. ಪುಕ್ಕಟೆ ಸಿಗುವುದರಿಂದ ಎಲ್ಲರೂ ಬಳಸುತ್ತಾರೆ. 57 ಸೆಂಟಿಮೀಟರ್ ಏರಿಸಿ ನೋಡಿದ: ಮನೆ ಒಣಗಿಯೇ ಇತ್ತು. 80 ಹಾಕಿದ, ಅದೇ ನಕ್ಷೆ. 95 ಹಾಕಿದ, ಒಂದು ಚುಕ್ಕೆಯೂ ಬದಲಾಗಲಿಲ್ಲ. ಒಂದು ಮೀಟರ್ ದಾಟಿದ ಕೂಡಲೇ ನದಿ ದಡದ ಕೆಲವು ಚೌಕಗಳು ಒಟ್ಟಿಗೇ ಬಣ್ಣ ಬದಲಿಸಿದವು.

ಕಾರಣ ಸರಳ. ಆ ದತ್ತಾಂಶದಲ್ಲಿ ಎತ್ತರ ಇರುವುದು ಪೂರ್ಣ ಮೀಟರುಗಳಲ್ಲಿ. ಸೊನ್ನೆ, ಒಂದು, ಎರಡು, ಹೀಗೆ. ನಡುವೆ ಏನೂ ಇಲ್ಲ. ನಮ್ಮ ಇಡೀ ಪ್ರಶ್ನೆ ಇರುವುದು ಸೊನ್ನೆಗೂ ಒಂದಕ್ಕೂ ನಡುವೆ! ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ, ಅದರೊಳಗೆ ಮನೆ, ಅಂಗಳ, ದೋಣಿ ಎಳೆಯುವ ಜಾಗ, ರಸ್ತೆ ಎಲ್ಲ ಒಂದೇ ಅಂಕಿಯಾಗುತ್ತದೆ.

ಅದಕ್ಕಿಂತ ದೊಡ್ಡದು ತೆಂಗಿನಮರ. ಆ ರಾಡಾರ್ ಕಂಡದ್ದು ನೆಲವನ್ನಲ್ಲ, ಅದರ ಮೇಲೆ ಏನಿದೆಯೋ ಅದನ್ನು. ನಮ್ಮ ಕರಾವಳಿಯ ಮರಳುಪಟ್ಟಿ ಎಂದರೆ ಪೂರ್ತಿ ತೆಂಗಿನ ತೋಟ. ಮನೆಯ ಚೌಕಕ್ಕೆ ಅದು ತೋರಿಸಿದ ಎತ್ತರ 6 ಮೀಟರ್. ಅಲ್ಲಿ ನಿಂತು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ ಅದು ಆಗದ ಮಾತು ಎಂದು. ದತ್ತಾಂಶದ ಈ ಗುಣ ಹೊಸ ಸುದ್ದಿಯಲ್ಲ. 2019ರಲ್ಲಿ ಕಲ್ಪ್ ಮತ್ತು ಸ್ಟ್ರಾಸ್ ಎಂಬ ಸಂಶೋಧಕರು ಇದನ್ನು ಸರಿಪಡಿಸಿ ಲೆಕ್ಕ ಹಾಕಿದಾಗ, ಕರಾವಳಿಯ ಅಪಾಯದಲ್ಲಿ ಇರುವ ಜನ ಹಿಂದೆ ಅಂದುಕೊಂಡದ್ದಕ್ಕಿಂತ ಸುಮಾರು ಮೂರು ಪಟ್ಟು ಎಂದು ಕಂಡಿತು. ಕಡಲಿನ ಅಂಕಿ ಬದಲಾಗಿರಲಿಲ್ಲ. ನೆಲದ ಅಂಕಿ ಬದಲಾಗಿತ್ತು.

ಹೀಗೆ ಒಂದೇ ಮನೆ ಒಂದು ನಕ್ಷೆಯಲ್ಲಿ ಪೂರ್ತಿ ಕೆಂಪು, ಇನ್ನೊಂದರಲ್ಲಿ ಪೂರ್ತಿ ಒಣ. ಕೆಂಪು ನಕ್ಷೆಯೂ ನಮಗೆ ಸಹಾಯಕ್ಕೆ ಬರುವಂತಿರಲಿಲ್ಲ. ಒಂದು ಮಟ್ಟಕ್ಕಿಂತ ತಗ್ಗಾದದ್ದಕ್ಕೆಲ್ಲ ಅದು ಬಣ್ಣ ಬಳಿಯುತ್ತದೆ. ವರ್ಷಕ್ಕೊಮ್ಮೆ ಪಾದ ಮುಳುಗುವ ಜಾಗವೂ ಕೆಂಪು, ಆಳೆತ್ತರ ನೀರು ನಿಲ್ಲುವ ಜಾಗವೂ ಕೆಂಪು. ಊರಿಗೆ ಎಚ್ಚರಿಕೆ ಕೊಡಲು ಅದು ಸಾಕು. ಮೆಟ್ಟಿಲು ಎಣಿಸಲು ಆಗುವುದಿಲ್ಲ.

ಅಂಗಳದ ಮಟ್ಟ

ಹಾಗಾಗಿ ಹಳೇ ದಾರಿ ಹಿಡಿದೆವು: ಮಟ್ಟ ನೋಡುವ ದುರ್ಬೀನು (ಆಟೋ ಲೆವೆಲ್), ಅಳತೆಯ ಕೋಲು (ಸ್ಟಾಫ್), ಒಬ್ಬ ಮೇಸ್ತ್ರಿ.

ಸರ್ವೆ ಆಫ್ ಇಂಡಿಯಾದ ಬೆಂಚ್‌ಮಾರ್ಕಿನಿಂದ, ಅಂದರೆ ಕಡಲಿನ ಮಟ್ಟವನ್ನು ಸೊನ್ನೆ ಎಂದು ಹಿಡಿದು ಎತ್ತರ ಗುರುತು ಮಾಡಿಟ್ಟ ಜಾಗದಿಂದ, ಮಟ್ಟ ತರುವುದು ಪುಸ್ತಕದ ಪದ್ಧತಿ. ಆದರೆ ಆ ಸೊನ್ನೆಯ ಮೂಲ ಬಹಳ ಹಳೆಯದು. ಕಾರವಾರವೂ ಸೇರಿ ಒಂಬತ್ತು ಬಂದರುಗಳಲ್ಲಿ ಅಳೆದ ಕಡಲಿನ ಸರಾಸರಿಯ ಮೇಲೆ, 1909ರ ಹೊತ್ತಿಗೆ ನಿಲ್ಲಿಸಿದ್ದು. ಐಪಿಸಿಸಿ ಪ್ರಕಾರ 1901ರಿಂದ 2018ರೊಳಗೆ ಜಗತ್ತಿನ ಕಡಲು ಸರಾಸರಿ 20 ಸೆಂಟಿಮೀಟರ್ ಏರಿದೆ. ಅಂದರೆ ಕಾಗದದ ಸೊನ್ನೆ ಮತ್ತು ಇವತ್ತಿನ ನೀರು ಒಂದೇ ಅಲ್ಲ. ನಮಗೆ ಬೇಕಾದದ್ದು ಇವತ್ತಿನ ನೀರಿಗೂ ಅಂಗಳಕ್ಕೂ ಇರುವ ಅಂತರ. ಅದನ್ನು ನೀರಿನಿಂದಲೇ ಅಳೆಯುವುದು ಒಳ್ಳೆಯದು ಅಲ್ವಾ?

ಮನೆಯ ಹಿಂದೆ ನದಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಭರತ ಎಲ್ಲಿಯವರೆಗೆ ಬರುತ್ತದೆ ಎಂದು ಅಕ್ಕ ನೋಡಿ ಗುರುತು ಹಾಕಿದರು. ಚಳಿಗಾಲದಲ್ಲಿ ಹಾಕಿಸಿದ್ದಕ್ಕೆ ಕಾರಣ ಇದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಕಡಲಿನ ಮಟ್ಟ ವರ್ಷವಿಡೀ ಒಂದೇ ಇರುವುದಿಲ್ಲ. ಮಳೆಗಾಲದ ಕೊನೆಗೆ ತಗ್ಗು, ಡಿಸೆಂಬರ್, ಜನವರಿ ಹೊತ್ತಿಗೆ ಎತ್ತರ. ಪ್ರವಾಹಗಳು ದಿಕ್ಕು ಬದಲಿಸುವುದರಿಂದ ಹೀಗಾಗುತ್ತದೆ. ಮಳೆ ಇಲ್ಲದ ಚಳಿಗಾಲದಲ್ಲೇ ಭರತದ ನೀರು ಮೇಲಿನ ಮೆಟ್ಟಿಲು ಮುಟ್ಟುತ್ತದೆ ಎಂದು ಅಕ್ಕನಿಗೆ ಮೊದಲೇ ಗೊತ್ತಿತ್ತು. "ಮಾಗಿಯಲ್ಲಿ ನೀರು ಜಾಸ್ತಿ, ಅದು ಯಾವಾಗಲೂ ಹಾಗೇ" ಎಂದರು.

ಆ ಗುರುತಿಗೆ ಹೋಲಿಸಿದರೆ ಅಂಗಳದ ತಗ್ಗಿನ ಮೂಲೆ 42 ಸೆಂಟಿಮೀಟರ್ ಮೇಲಿತ್ತು. ಅಷ್ಟೇ. ನಕ್ಷೆ ಹೇಳಿದ 6 ಮೀಟರ್ ಎಲ್ಲಿ, ಇದೆಲ್ಲಿ.

ಇನ್ನೊಂದು ಗುರುತು ತುಳಸಿಕಟ್ಟೆಯ ಮೇಲೆ. 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ಸುರಿದ ಮಳೆ ಯಾರೂ ಮರೆತಿಲ್ಲ. ಸುವರ್ಣಾ ಉಕ್ಕಿ ಬಂದಾಗ ಈ ಅಂಗಳಕ್ಕೂ ನೀರು ಬಂದಿತ್ತು. ಕಟ್ಟೆಗೆ ಆಮೇಲೆ ಸುಣ್ಣ ಬಳಿದಿದ್ದರು, ಗೆರೆ ಹೊರಗೆ ಕಾಣುತ್ತಿರಲಿಲ್ಲ. ಅಕ್ಕ ಉಗುರಿನಿಂದ ಸುಣ್ಣ ಕೆರೆದು ಕೆಸರಿನ ಕಂದು ಗೆರೆ ತೋರಿಸಿದರು. ಅಂಗಳದಿಂದ 30 ಸೆಂಟಿಮೀಟರ್. ನೀರು ಎರಡನೇ ಮೆಟ್ಟಿಲಿನ ತನಕ ಬಂದು ನಿಂತಿತ್ತು, ಒಳಗೆ ಬರಲಿಲ್ಲ. ಕಡಲು ತಗ್ಗಿರುವ ತಿಂಗಳಲ್ಲೇ ಅಷ್ಟು ಬಂತು ಎಂಬುದನ್ನೂ ಮರೆಯಬಾರದು.

ತೀರ್ಮಾನ

ಹೊಸ ಮನೆ ಅರವತ್ತು ವರ್ಷ ಬಾಳಬೇಕು ಎಂದು ಹಿಡಿದೆವು. 2080ರ ದಶಕದ ತನಕ ಮಧ್ಯಮ ದಾರಿಯ ಹರವಿನ ಮೇಲಿನ ಕಡೆಯನ್ನು ತೆಗೆದುಕೊಂಡು, ಈಗಾಗಲೇ ಏರಿದ್ದನ್ನು ಕಳೆದು, ಇನ್ನು 60 ಸೆಂಟಿಮೀಟರ್ ಏರಿಕೆ ಎಂದು ಇಟ್ಟುಕೊಂಡೆವು. 2020ರ ನೆರೆಯ 30, ಏರಿಕೆ 60, ಮೇಲೆ ಸುರಕ್ಷತೆಗೆಂದು ಬಿಟ್ಟದ್ದು 15. ಒಟ್ಟು 105. ಅಂದರೆ ಏಳು ಮೆಟ್ಟಿಲು. ಅಳಿವೆಯ ಹತ್ತಿರ ನೆರೆಯ ಮಟ್ಟ ಮತ್ತು ಕಡಲಿನ ಏರಿಕೆ ಹೀಗೆ ನೇರವಾಗಿ ಕೂಡುತ್ತವೆ ಎಂದು ಹಿಡಿದದ್ದು ಸುರಕ್ಷಿತ ಬದಿಗೆ ಇರಲಿ ಎಂದು.

ಏಳು ಮೆಟ್ಟಿಲು ಎಂದ ಕೂಡಲೇ ಅಕ್ಕ ಮೊಣಕಾಲು ತೋರಿಸಿದರು. ಅರವತ್ತು ದಾಟಿದವರು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುವುದು? 2080ರ ನೀರಿಗೆ ಹೆದರಿ ಇವತ್ತಿನ ಕಾಲು ನೋಯಿಸುವುದು ನನಗೂ ಸರಿ ಕಾಣಲಿಲ್ಲ.

ಇಲ್ಲಿ ಫ್ಯಾಕ್ಟ್ಸ್‌ನ ಆ 2050ರ ಸಾಲು ಕೈ ಹಿಡಿಯಿತು. ಅಲ್ಲಿಯ ತನಕ ಎಲ್ಲ ದಾರಿಗಳೂ ಎಲ್ಲ ಮಾಡ್ಯೂಲುಗಳೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ. ಐಪಿಸಿಸಿ ಹೋಲಿಸುವ ಅವಧಿಯ ನಡು ಸುಮಾರು 2005. ಅಲ್ಲಿಂದ ವರ್ಷಕ್ಕೆ 3.7 ಮಿಲಿಮೀಟರ್ ಲೆಕ್ಕದಲ್ಲಿ ಏಳು ಸೆಂಟಿಮೀಟರ್ ಆಸುಪಾಸು ಈಗಾಗಲೇ ಏರಿಯಾಗಿದೆ. ಉಳಿದದ್ದನ್ನು ಧಾರಾಳವಾಗಿ 20 ಎಂದರೂ, 30 ಮತ್ತು 20 ಮತ್ತು 15 ಸೇರಿ 65. ಅಕ್ಕ ಕೇಳಿದ ಐದು ಮೆಟ್ಟಿಲು 75. ಅಂದರೆ ಶತಮಾನದ ನಡುವಿನ ತನಕ ಅವರ ಅಂದಾಜೇ ಸಾಕು.

ಆಮೇಲಿನದಕ್ಕೆ ಜಾಗ ಬಿಟ್ಟೆವು. ಪಂಚಾಂಗ 75ಕ್ಕೆ, ಆದರೆ ಗೋಡೆ 30 ಸೆಂಟಿಮೀಟರ್ ಜಾಸ್ತಿ ಎತ್ತರ. ಬಾಗಿಲ ಮೇಲೆ ಗಾಳಿಕಿಂಡಿ, ಅದರ ಮೇಲೆ ಲಿಂಟಲ್. ಮುಂದೆ ಬೇಕಾದಾಗ ಒಳಗೆ ಮಣ್ಣು ತುಂಬಿ ನೆಲ ಎತ್ತರಿಸಿ, ಬಾಗಿಲ ಚೌಕಟ್ಟು ಗಾಳಿಕಿಂಡಿಯ ಜಾಗಕ್ಕೆ ಏರಿಸಬಹುದು. ಕರೆಂಟಿನ ಪ್ಲಗ್ಗುಗಳನ್ನು ಈಗಲೇ ಮೇಲೆ ಇಟ್ಟೆವು. ಖರ್ಚು ಹೆಚ್ಚಾಗುವುದು ಒಂದೂವರೆ ವರಸೆ ಕಲ್ಲಿನದು ಎಂದು ಮೇಸ್ತ್ರಿ ಹೇಳಿದರು. ಮಗ ಅದಕ್ಕೆ ಒಪ್ಪಿದ. ಯಾವಾಗ ಎತ್ತರಿಸಬೇಕು ಎಂಬುದಕ್ಕೂ ಅವನೇ ಒಂದು ನಿಯಮ ಬರೆದಿಟ್ಟ: ಮಳೆ ಇಲ್ಲದ ದಿನ ಬರೀ ಭರತದ ನೀರು ಅಂಗಳದ ತಗ್ಗಿನ ಮೂಲೆ ಮುಟ್ಟಿದರೆ, ಅದರ ಮರುವರ್ಷ ನೆಲ ಏರಬೇಕು.

ಆದರೆ ಲೆಕ್ಕ ಮುಗಿದಾಗ ಎದುರಿಗೆ ಬಂದ ನಿಜವಾದ ಕಷ್ಟ ಮನೆಯದ್ದಾಗಿರಲಿಲ್ಲ, ಅಂಗಳದ್ದು. ಮಧ್ಯಮ ದಾರಿಯಲ್ಲೇ 2100ಕ್ಕೆ 56ರಲ್ಲಿ ಏರಿಯಾದ 7 ಕಳೆದರೆ ಇನ್ನು 49 ಸೆಂಟಿಮೀಟರ್ ಏರುವುದಿದೆ. ಅಂಗಳಕ್ಕೆ ಇರುವ ಅಂತರ 42. ಆ ಹೊತ್ತಿಗೆ ಚಳಿಗಾಲದ ದೊಡ್ಡ ಭರತಗಳಲ್ಲಿ ಮೀನು ಒಣಗಿಸುವ ಅಂಗಳದಲ್ಲಿ ಉಪ್ಪುನೀರು ನಿಲ್ಲುತ್ತದೆ. ಅದಕ್ಕೆ ಎಷ್ಟೋ ಮೊದಲೇ ಮಣ್ಣಿನೊಳಗಿನ ನೀರು ಏರುತ್ತದೆ. ಶೌಚದ ಗುಂಡಿ ಇಂಗುವುದು ನಿಲ್ಲುತ್ತದೆ, ಬಾವಿಗೆ ಉಪ್ಪು ಸೇರುತ್ತದೆ. ಪಂಚಾಂಗ ಏರಿಸಿ ಇದನ್ನು ತಡೆಯಲು ಆಗುವುದಿಲ್ಲ. ಕಡಲೇರಿಕೆ ಎಂದರೆ ಮನೆ ಮುಳುಗುವ ಚಿತ್ರವನ್ನೇ ತೋರಿಸುತ್ತೇವೆ. ಜನ ಮನೆ ಬಿಡುವುದು ಬಾವಿ ಕೆಟ್ಟಾಗ. ಇದನ್ನು ಪಂಚಾಯತಿನಲ್ಲಿ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅಕ್ಕನ ಬಾವಿಯಲ್ಲಿ ಈಗಲೇ ಏಪ್ರಿಲ್, ಮೇ ತಿಂಗಳಲ್ಲಿ ನೀರು ತುಸು ಉಪ್ಪು. ಆದ್ದರಿಂದ ಮಾಡಿನ ಮಳೆನೀರು ಹಿಡಿಯುವ ಟ್ಯಾಂಕನ್ನು ನಕ್ಷೆಗೆ ಸೇರಿಸಿದೆವು, ಅದರ ತಳವೂ ಪಂಚಾಂಗದ ಮಟ್ಟದಲ್ಲೇ. ಶೌಚದ ಗುಂಡಿಯನ್ನು ನದಿಯ ಕಡೆಯಿಂದ ತೆಗೆದು ರಸ್ತೆಯ ಬದಿಯ ಎತ್ತರದ ಜಾಗಕ್ಕೆ, ಪೂರ್ತಿ ಮುಚ್ಚಿದ ಟ್ಯಾಂಕಾಗಿ ಬದಲಿಸಿದೆವು. ಮಳೆ ಹಿಡಿಯುವ ಮೊದಲು ಪಂಚಾಂಗ ಮುಗಿಯಬೇಕು. ಮುರಕಲ್ಲಿಗೆ ಅಕ್ಕ ಮುಂಗಡ ಕೊಟ್ಟಾಗಿದೆ.